ಲಗ್ನ ಮುಗಿದ ಮ್ಯಾಲ ಬಾಸಿಂಗ!

ತಿಕೋಟಾದಿಂದ ಮುಂಜಾನೆ ವಿಜಯಪುರಕ್ಕೆ ಬರುವ ಬಸ್ಸಿನಲ್ಲಿ ಕಾಲೇಜು ಹುಡುಗರ ನಡುವೆ ನಿಂತು ಬಂದವರಿಗೆ ಈ ಮಾತು ಹೊಸದಲ್ಲ. “ನಿನ್ನ ಸ್ಕಾಲರ್‌ಶಿಪ್ ಬಂತೇನಲೇ?” “ಎಲ್ಲೀದಲೇ, ಇನ್ನೂ ಪೆಂಡಿಂಗ್ ತೋರಸ್ತೈತಿ.”

ಸರಕಾರದ ಯೋಜನೆಗಳೇ ಇಲ್ಲವೆಂದಲ್ಲ. ವರ್ಷದ ಆದಾಯ 2.5 ಲಕ್ಷ ರೂ. ಮೀರದ ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇದೆ. 2020-21ರಿಂದ ಅದರ ಖರ್ಚಿನಲ್ಲಿ ಕೇಂದ್ರದ್ದು ನೂರಕ್ಕೆ 60, ರಾಜ್ಯದ್ದು 40 ಪಾಲು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳ ಊಟ-ವಸತಿಗೆಂದು 2013-14ರಲ್ಲಿ ವಿದ್ಯಾಸಿರಿ ಬಂದಾಗ ತಿಂಗಳಿಗೆ 1,500 ರೂ.ನಂತೆ 10 ತಿಂಗಳಿಗೆ 15,000 ರೂ. ಗೊತ್ತು ಮಾಡಲಾಗಿತ್ತು.

ತಕರಾರು ಇರುವುದು ರೊಕ್ಕ ಬರುವ ಹೊತ್ತಿನ ಬಗ್ಗೆ. ಅಡ್ಮಿಶನ್ ಫೀ, ಖೋಲಿ ಬಾಡಿಗೆ, ಪುಸ್ತಕ ಎಲ್ಲವೂ ವರ್ಷದ ಮೊದಲಿಗೇ ರೋಖ. ಸ್ಕಾಲರ್‌ಶಿಪ್ ಮಾತ್ರ ಆಮೇಲೆ. ನಡುವಿನ ತಿಂಗಳು ದಾಟಿಸುವವರು ಯಾರು? ಬಡ್ಡಿಗೆ ಕೊಡುವವರು, ಇಲ್ಲವೇ ಉದ್ರಿ ಬರೆದುಕೊಳ್ಳುವ ನಮ್ಮ ಕಿರಾಣಿ ಅಂಗಡಿಯವರು. ಬಡವನಿಗೆಂದೇ ಇಟ್ಟ ರೊಕ್ಕಕ್ಕೆ ಬಡವನೇ ಮೊದಲು ಸಾಲ ಮಾಡಬೇಕು!

ಈ ನಾಲ್ಕು ಸಾಲು ಬರೆಯುವವನೂ ಪಿ.ಯು.ಸಿ. ನಡುವೆ ಬಿಟ್ಟವನೇ. ಫೀ ಕಟ್ಟಲು ಆಗಲಿಲ್ಲ, ಹೆಸರು ತೆಗೆಸಿದೆ. ಸ್ಕಾಲರ್‌ಶಿಪ್ ಮಂಜೂರಾದ ಸುದ್ದಿ ಬಂದದ್ದು ಅದರ ನಂತರ. ಆ ರೊಕ್ಕ ನನ್ನನ್ನು ತಿರುಗಿ ಕ್ಲಾಸಿಗೆ ಕೂಡಿಸಲಿಲ್ಲ.

ಈಗ ಎಲ್ಲವೂ ಆನ್‌ಲೈನ್. ಆದರೆ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರದಲ್ಲಿ ಇನ್ನೊಂದು ಇದ್ದರೆ ಅರ್ಜಿ ತೊಡಕು. ಬ್ಯಾಂಕಿಗೆ ಆಧಾರ ಝೆರಾಕ್ಸ್ ಕೊಟ್ಟರಷ್ಟೇ ಸಾಲದು, ಸರಕಾರಿ ರೊಕ್ಕ ಬೀಳುವ ಎನ್‌ಪಿಸಿಐ ಜೋಡಣೆಯೂ ಅದೇ ಖಾತೆಗೆ ಆಗಿರಬೇಕು. ಕಾಲೇಜಿನವರು ಬ್ಯಾಂಕಿಗೆ ಹೋಗೆನ್ನುತ್ತಾರೆ, ಬ್ಯಾಂಕಿನವರು ಆಧಾರ ಕೇಂದ್ರಕ್ಕೆ ಅಟ್ಟುತ್ತಾರೆ. ಬಬಲೇಶ್ವರ ಕಡೆಯ ಕೂಲಿಕಾರ ಮಗಳ ಸಂಗಡ ಮೂರು ಸಲ ತಿರುಗಿದರೆ ಮೂರು ದಿನದ ಪಗಾರ ಹೋಯಿತು.

ಹೀಗೆ ತಿರುಗಿಸುವ ಬದಲು ತಿಕೋಟಾ, ಬಬಲೇಶ್ವರ ಎರಡೂ ತಾಲೂಕು ಕೇಂದ್ರಗಳಲ್ಲಿ ಅಡ್ಮಿಶನ್ ಶುರುವಾಗುವ ಮೊದಲೇ ಒಂದು ದಿನ ಕಾಲೇಜು, ಬ್ಯಾಂಕು, ತಹಶೀಲ್ದಾರ ಕಚೇರಿಯವರು ಒಂದೇ ಟೇಬಲ್ಲಿಗೆ ಕೂಡಲಿ. ಪರಿಶಿಷ್ಟ ಜಾತಿಯ ಮಕ್ಕಳು ಮುಂಗಡ ಫೀ ಕಟ್ಟದೆ ಪ್ರವೇಶ ಪಡೆಯಲೆಂದು 2021ರ ಕೇಂದ್ರ ನಿಯಮದಲ್ಲಿ ಫ್ರೀಶಿಪ್ ಕಾರ್ಡಿನ ಮಾತಿದೆ. ಅದು ಕಾಗದ ಬಿಟ್ಟು ಕಾಲೇಜಿನ ಕೌಂಟರಿಗೆ ಬರಲಿ. ಉಳಿದ ಬಡ ಮಕ್ಕಳಿಗೂ ಸ್ಕಾಲರ್‌ಶಿಪ್ ಬರುವ ತನಕ ಫೀ ತಡೆದುಕೊಳ್ಳುವ ಮನಸ್ಸು ಆಡಳಿತ ಮಂಡಳಿಗಳು ಮಾಡಲಿ.

ಹಾಜರಿ ಪುಸ್ತಕದಿಂದ ಹೆಸರು ಹೋದ ಮೇಲೆ ಬಂದ ಸ್ಕಾಲರ್‌ಶಿಪ್, ಲಗ್ನ ಮುಗಿದ ಮ್ಯಾಲ ಬಂದ ಬಾಸಿಂಗ. ಕಟ್ಟುವುದು ಯಾರ ಹಣೆಗೆ? ಸಂಬಂಧಪಟ್ಟವರು ಇತ್ತ ಗಮನ ಹರಿಸುವರೆ?