ಆರು ತಿಂಗಳ ಉಪದೇಶ, ಆರು ತಿಂಗಳ ಕೂಲಿ

ಆಗಸ್ಟ್ 1ರಂದು ನಮ್ಮ ಕರಾವಳಿಯಲ್ಲಿ ಎರಡು ಸಂಗತಿಗಳು ಒಟ್ಟಿಗೆ ಶುರುವಾಗುತ್ತವೆ. ಜೂನ್ 1ರಿಂದ 61 ದಿನ ದಡದಲ್ಲಿದ್ದ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುತ್ತವೆ. ಅದೇ ದಿನ ವಿಶ್ವ ಸ್ತನ್ಯಪಾನ ಸಪ್ತಾಹ ಆರಂಭವಾಗಿ ಆಸ್ಪತ್ರೆ, ಅಂಗನವಾಡಿಗಳಲ್ಲಿ ಬಾಣಂತಿಯರಿಗೆ ಬುದ್ಧಿ ಹೇಳಲಾಗುತ್ತದೆ: ಆರು ತಿಂಗಳು ಎದೆಹಾಲು ಬಿಟ್ಟರೆ ಹನಿ ನೀರೂ ಬೇಡ, ಬಾಟಲಿ ಮುಟ್ಟಲೇಬೇಡಿ. ಎರಡು ತಿಂಗಳು ಸಂಪಾದನೆ ಇಳಿದುಹೋದ ಮನೆಯ ಹೆಂಗಸು ಮೂರು ತಿಂಗಳ ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ ಮೀನುಬುಟ್ಟಿ ಎತ್ತಿಕೊಳ್ಳುವುದೂ ಅದೇ ವಾರ. ಹೊನ್ನಾವರದ ಮಂಕಿಯಾಗಲಿ, ಕಾಸರಕೋಡು ಟೊಂಕವಾಗಲಿ, ಭಟ್ಕಳದ ಬಂದರಾಗಲಿ, ಬೆಳಗಿನ ಹರಾಜಿಗೆ ನಿಂತ ಹೆಣ್ಣುಮಕ್ಕಳಲ್ಲಿ ಬಾಣಂತಿಯರೂ ಇರುತ್ತಾರೆ. ಉಪದೇಶ ಮಾಡಿದವರಿಗೆ ಇದು ತಿಳಿಯದ ಸಂಗತಿಯಲ್ಲ.

ಹಾಲಿನ ವಿಷಯದಲ್ಲಿ ವೈದ್ಯರ ಮಾತು ಸರಿ, ಅದರ ಬಗ್ಗೆ ನನಗೆ ತಕರಾರಿಲ್ಲ. ಹೆತ್ತ ಗಂಟೆಯೊಳಗೆ ಕೂಸನ್ನು ಎದೆಗೆ ಹಚ್ಚಬೇಕು, ಗಿಣ್ಣುಹಾಲು ಚೆಲ್ಲಬಾರದು, ಆರು ತಿಂಗಳಾದ ಮೇಲೆ ಗಂಜಿ-ಅನ್ನದ ಜೊತೆ ಎರಡು ವರ್ಷದವರೆಗೂ ಹಾಲೂಡಿಸಬೇಕು. ಮಳೆಗಾಲದಲ್ಲಿ ಬಾವಿ ನೀರು ಕದಡುವ ಊರುಗಳಲ್ಲಿ, ಬಾಟಲಿಯ ರಬ್ಬರ್ ತೊಟ್ಟಿನ ಸಂದಿಯಲ್ಲಿ ಉಳಿದ ಹಾಲು ಭೇದಿಗೆ ನೇರ ದಾರಿ. ಕೂಸು ಎಷ್ಟು ಚೀಪುತ್ತದೋ ಅಷ್ಟು ಹಾಲು ಇಳಿಯುತ್ತದೆ. ಬಾಟಲಿಯಲ್ಲಿ ಹಾಲು ತಾನಾಗಿ ಸುರಿಯುವುದರಿಂದ ಅದಕ್ಕೆ ಒಗ್ಗಿದ ಕೂಸು ಎದೆಯನ್ನು ಅರೆಮನಸ್ಸಿನಿಂದ ಚೀಪುತ್ತದೆ, ಹಾಲು ಕಡಿಮೆಯಾಗುತ್ತದೆ. ‘ಇವಳಿಗೆ ಹಾಲೇ ಸಾಲೂದಿಲ್ಲ’ ಎಂದು ಮನೆಯವರು ಮೊದಲೇ ಆಡಿದ್ದ ಮಾತು ಕಡೆಗೆ ನಿಜವಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಆರು ತಿಂಗಳೊಳಗಿನ ಕೂಸುಗಳ ಪೈಕಿ ಬರೀ ಎದೆಹಾಲಿನಲ್ಲಿ ಬೆಳೆಯುತ್ತಿರುವುದು ಶೇ 63.7. ಉಳಿದವರ ಮನೆಗೆ ಹೋಗಿ ತಾಯಿಯನ್ನು ಗದರಿಸಿದರೆ ಈ ಅಂಕಿ ಏರುವುದಿಲ್ಲ. ಆ ಆರು ತಿಂಗಳ ಖರ್ಚು ಯಾರದು ಎಂಬುದೇ ಪ್ರಶ್ನೆ.

ಬಾಟಲಿಯ ಮೇಲಿನ ಹೋರಾಟ ಹುಟ್ಟಿದ್ದು ತಾಯಂದಿರ ವಿರುದ್ಧ ಅಲ್ಲ, ಕಂಪನಿಗಳ ವಿರುದ್ಧ. ಬಡ ದೇಶಗಳಲ್ಲಿ ಹಾಲಿನ ಪುಡಿ ಮಾರುತ್ತಿದ್ದ ಬಗೆಯನ್ನು 1974ರಲ್ಲಿ ಬ್ರಿಟನ್ನಿನ ‘ವಾರ್ ಆನ್ ವಾಂಟ್’ ಸಂಸ್ಥೆ ಬಯಲಿಗೆಳೆಯಿತು. 1977ರಲ್ಲಿ ನೆಸ್ಲೆ ಬಹಿಷ್ಕಾರ ಶುರುವಾಯಿತು. 1981ರಲ್ಲಿ ವಿಶ್ವ ಆರೋಗ್ಯ ಸಭೆ ಎದೆಹಾಲಿನ ಬದಲಿ ಆಹಾರಗಳ ಮಾರಾಟ ಸಂಹಿತೆಯನ್ನು ಒಪ್ಪಿದಾಗ ವಿರುದ್ಧವಾಗಿ ಮತ ಹಾಕಿದ್ದು ಅಮೆರಿಕ ಮಾತ್ರ. ಭಾರತ ಇನ್ನೂ ಮುಂದೆ ಹೋಗಿ 1992ರಲ್ಲಿ ಕಾಯ್ದೆಯನ್ನೇ ಮಾಡಿ 1993ರ ಆಗಸ್ಟ್ 1ರಿಂದ ಜಾರಿಗೆ ತಂದಿತು, 2003ರಲ್ಲಿ ಬಿಗಿಗೊಳಿಸಿತು. ಹಾಲಿನ ಪುಡಿ, ಬಾಟಲಿ, ಎರಡು ವರ್ಷದೊಳಗಿನ ಮಕ್ಕಳ ಆಹಾರ ಯಾವುದಕ್ಕೂ ಜಾಹೀರಾತು ಕೂಡದು, ಪುಕ್ಕಟೆ ಡಬ್ಬಿ ಹಂಚಕೂಡದು, ಪುಡಿಯ ಡಬ್ಬಿಯ ಮೇಲೆ ಮುದ್ದು ಮಗುವಿನ ಚಿತ್ರ ಕೂಡದು, ವೈದ್ಯರಿಗೆ ಕಂಪನಿಯ ಉಡುಗೊರೆ ಕೂಡದು. ಒಳ್ಳೆಯ ಕಾಯ್ದೆ, ಇನ್ನೂ ಕಟ್ಟುನಿಟ್ಟಾಗಿ ಜಾರಿಯಾಗಲಿ. ಆದರೆ ಅದರಲ್ಲಿ ಎಲ್ಲಿಯೂ ತಾಯಿ ತಪ್ಪಿತಸ್ಥೆಯಲ್ಲ. ನಮ್ಮ ಊರುಗಳಲ್ಲಿ ಮಾತ್ರ ಬೈಗುಳ ಅವಳ ಪಾಲಿಗೇ ಬರುತ್ತಿದೆ. ಬಾಟಲಿ ಹಿಡಿದವಳು ಸೋಮಾರಿ, ಸೊಕ್ಕಿನವಳು ಎಂಬ ಮಾತನ್ನು ಓದಿದವರೂ ಆಡುತ್ತಾರೆ.

‘ಅದೆಲ್ಲ ಅವರವರ ಆಯ್ಕೆ, ನಡುವೆ ಬರಬೇಡಿ’ ಎನ್ನುವ ಇನ್ನೊಂದು ಗುಂಪಿದೆ. ಸಂಬಳ, ರಜೆ, ಫ್ರಿಜ್ಜು, ಪಂಪು ಎಲ್ಲ ಇದ್ದವರಿಗೆ ಅದು ಆಯ್ಕೆ ಇರಬಹುದು. ಗೇರುಬೀಜದ ಕಾರ್ಖಾನೆಗೋ ಮೀನು ಮಾರುಕಟ್ಟೆಗೋ ಹೋಗಲೇಬೇಕಾದವಳ ಮುಂದೆ ಆಯ್ಕೆಯ ಮಾತು ಆಡುವುದು ಅನ್ಯಾಯ.

ಲೆಕ್ಕ ನೋಡಿ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾದ ನಂತರ ಸಂಘಟಿತ ವಲಯದ ನೌಕರಿಯಲ್ಲಿರುವವಳಿಗೆ ಮೊದಲೆರಡು ಹೆರಿಗೆಗೆ 26 ವಾರ ಸಂಬಳ ಸಹಿತ ರಜೆ ಇದೆ. 26 ವಾರವೆಂದರೆ ಆರು ತಿಂಗಳು. ಬರೀ ಎದೆಹಾಲಿಗೆ ಎಷ್ಟು ಕಾಲ ಬೇಕೆಂದು ಸರ್ಕಾರಕ್ಕೆ ಚೆನ್ನಾಗಿ ಗೊತ್ತಿದೆ ಎಂದಾಯಿತು. ಸಂಬಳ ಕೊಡುವ ಧಣಿಯೇ ಇಲ್ಲದ ಮೀನು ಮಾರುವವಳಿಗೆ ಇರುವುದು ಪ್ರಧಾನಮಂತ್ರಿ ಮಾತೃವಂದನಾ ಯೋಜನೆ: ಮೊದಲ ಮಗುವಿಗೆ ಎರಡು ಕಂತಿನಲ್ಲಿ 5,000 ರೂಪಾಯಿ. 180 ದಿನಕ್ಕೆ ಹಂಚಿದರೆ ದಿನಕ್ಕೆ 28 ರೂಪಾಯಿಯೂ ಬರುವುದಿಲ್ಲ. 2025–26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ. ಆ ದರದಲ್ಲಿ 180 ದಿನದ ಕೂಲಿ 66,600. ಅದೇ ಯೋಜನೆಯಲ್ಲಿ ಎರಡನೆಯ ಮಗು ಹೆಣ್ಣಾದರೆ 6,000 ಕೊಡುತ್ತಾರೆ, ಗಂಡಾದರೆ ಏನೂ ಇಲ್ಲ. ಗಂಡುಕೂಸಿಗೆ ಎದೆಹಾಲು ಬೇಡವೇ? 2013ರ ಆಹಾರ ಭದ್ರತಾ ಕಾಯ್ದೆ ಪ್ರತಿ ಗರ್ಭಿಣಿ, ಬಾಣಂತಿಗೆ ಕನಿಷ್ಠ 6,000 ಎಂದಿತ್ತು. ಎಷ್ಟನೆಯ ಮಗು, ಗಂಡೋ ಹೆಣ್ಣೋ ಎಂದು ಅದು ಕೇಳಿರಲಿಲ್ಲ.

ಹಣ ಎಲ್ಲಿಂದ ಎನ್ನುವವರಿಗೆ ಪಕ್ಕದ ತಮಿಳುನಾಡು ಇದೆ. ಅಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಯೋಜನೆಯಲ್ಲಿ ಪೌಷ್ಟಿಕಾಂಶದ ಕಿಟ್ ಸೇರಿ 18,000 ರೂಪಾಯಿ ಸಿಗುತ್ತದೆ. ನಮ್ಮದೇ ರಾಜ್ಯ ‘ಗೃಹಲಕ್ಷ್ಮಿ’ಯಲ್ಲಿ ತಿಂಗಳಿಗೆ 2,000 ರೂಪಾಯಿಯನ್ನು ನೇರ ಖಾತೆಗೆ ಹಾಕುತ್ತಿದೆ. ಅದು ಹೋಗುವುದು ಪಡಿತರ ಚೀಟಿಯಲ್ಲಿರುವ ಯಜಮಾನಿಗೆ, ಅಂದರೆ ಹೆಚ್ಚಿನ ಮನೆಗಳಲ್ಲಿ ಅತ್ತೆಗೆ. ಬಾಣಂತಿ ಸೊಸೆಯ ಖಾತೆಗೂ ಆರು ತಿಂಗಳು ಕೂಲಿ ಹಾಕಲು ಹೊಸ ವ್ಯವಸ್ಥೆ ಕಟ್ಟಬೇಕಾಗಿಲ್ಲ.

ಮಂಕಿ, ಭಟ್ಕಳದ ನವಾಯತ ಮುಸ್ಲಿಮರ ಮನೆಗಳಿಗೆ ಚೆನ್ನಾಗಿ ಗೊತ್ತಿರುವ ಒಂದು ವಿಧಿಯನ್ನು ಇಲ್ಲಿ ನೆನೆಯಬೇಕು. ಕುರ್‌ಆನ್‌ನ ಎರಡನೇ ಅಧ್ಯಾಯದ 233ನೇ ವಚನ ಎರಡು ವರ್ಷ ಹಾಲೂಡಿಸುವ ಮಾತು ಹೇಳುತ್ತದೆ. ಆ ಅವಧಿಯಲ್ಲಿ ತಾಯಿಯ ಅನ್ನ-ಬಟ್ಟೆಯ ಹೊಣೆಯನ್ನು ತಂದೆಯ ಮೇಲೆ ಹೊರಿಸುವುದೂ ಅದೇ ವಚನ. ಹಾಲೂಡಿಸು ಎನ್ನುವಾಗಲೇ ಹಾಲೂಡಿಸುವವಳ ಊಟ ಯಾರದು ಎಂದೂ ಹೇಳಿಬಿಟ್ಟಿದೆ. ನಮ್ಮ ಆರೋಗ್ಯ ಇಲಾಖೆಯ ಭಿತ್ತಿಪತ್ರಗಳಲ್ಲಿ ಆ ಎರಡನೆಯ ಅರ್ಧ ಇಲ್ಲ.

ಹಣ ಬರುವವರೆಗೆ ಕೂಸು ಕಾಯುವುದಿಲ್ಲ. ಆದ್ದರಿಂದ ಕೆಲಸಕ್ಕೆ ಹೋಗಲೇಬೇಕಾದವಳಿಗೆ ‘ಬಾಟಲಿ ಬೇಡ’ ಎಂದಷ್ಟೇ ಹೇಳಿ ಕಳಿಸುವುದು ದ್ರೋಹ. ಅವಳಿಗೆ ಹಾಲು ಹಿಂಡಿಡುವುದನ್ನು ಕಲಿಸಬೇಕು. ಕೈ ತೊಳೆದು, ಕೈಯಿಂದಲೇ ಹಿಂಡಿ, ಕುದಿಸಿ ಆರಿಸಿದ ಮುಚ್ಚಳದ ಸ್ಟೀಲ್ ಪಾತ್ರೆಯಲ್ಲಿ ಇಟ್ಟರೆ 25 ಡಿಗ್ರಿ ಶಾಖದಲ್ಲಿ ಸುಮಾರು ನಾಲ್ಕು ತಾಸು ಕೆಡದು. ನಮ್ಮ ಸೆಕೆಗೆ ಅದಕ್ಕೂ ಮೊದಲೇ ಬಳಸುವುದು ಒಳ್ಳೆಯದು, ಫ್ರಿಜ್ಜಿದ್ದರೆ ಒಂದು ದಿನ ಇಡಬಹುದು. ಕುಡಿಸಲು ಬಾಟಲಿಯೇ ಬೇಕೆಂದಿಲ್ಲ. ಮೂತಿಯಿರುವ ಪುಟ್ಟ ಬಟ್ಟಲು, ನಮ್ಮ ಅಜ್ಜಿಯರ ಒಳಲೆ ಇದೆ. ಆಸ್ಪತ್ರೆಗಳಲ್ಲಿ ತಿಂಗಳು ತುಂಬದೆ ಹುಟ್ಟಿದ ಶಿಶುಗಳಿಗೆ ಇವತ್ತೂ ಒಳಲೆಯಲ್ಲೇ ಹಾಲು ಕೊಡುತ್ತಾರೆ. ಸಂದಿಗೊಂದಿಯಿಲ್ಲದ ಪಾತ್ರೆ, ತೊಳೆದು ಕುದಿಸಿದರೆ ಮುಗಿಯಿತು. ಕೂಸನ್ನು ನೆಟ್ಟಗೆ ಕೂರಿಸಿಕೊಂಡು ಕೆಳತುಟಿಗೆ ತಾಗಿಸಿದರೆ ಅದು ತಾನೇ ನಾಲಿಗೆ ಚಾಚಿ ಹೀರುತ್ತದೆ. ಸಣ್ಣ ಲೋಟವೂ ಆಗುತ್ತದೆ. ಇಷ್ಟನ್ನು ಅತ್ತೆಗೆ, ಅಜ್ಜಿಗೆ, ಮನೆಯಲ್ಲಿರುವ ಗಂಡನಿಗೆ ಒಂದು ಮಧ್ಯಾಹ್ನ ಕೂತು ತೋರಿಸಬೇಕು. ಆಶಾ ಕಾರ್ಯಕರ್ತೆಯರಿಂದ ಅದನ್ನು ಬಯಸುವವರು ಆ ಮಧ್ಯಾಹ್ನದ ಗೌರವಧನವನ್ನೂ ಕೊಡಬೇಕು.

ಇಷ್ಟಾದರೂ ಬಾಟಲಿಯೇ ಗತಿ ಎಂದು ಬಂದವಳಿಗೆ ಬಾಗಿಲು ಹಾಕಬೇಡಿ. ಎದೆ ಹಿಡಿಯುವುದು ಗಟ್ಟಿಯಾಗುವವರೆಗೆ, ಮೊದಲ ನಾಲ್ಕಾರು ವಾರ, ಬಾಟಲಿ ಬೇಡ. ಒಳಗೆ ಹಾಕುವುದು ಅವಳದೇ ಹಾಲಾಗಿರಲಿ. ಮೊದಮೊದಲು ಬೇರೆಯವರು ಕುಡಿಸಲಿ, ಮಲಗಿಸಿ ಸುರಿಯದೆ ತಡೆತಡೆದು ಕೊಡಲಿ, ಪ್ರತಿ ಬಾರಿ ತೊಟ್ಟು ಬಿಚ್ಚಿ ತೊಳೆದು ಕುದಿಸಲಿ. ರಾತ್ರಿಯೂ ಬೆಳಗಿನ ಜಾವವೂ ಕೂಸು ಎದೆಯಲ್ಲಿದ್ದರೆ ಹಾಲು ಉಳಿಯುತ್ತದೆ. ಕಾಯಿಲೆಯಿಂದಲೋ ತಾಯಿ ತೀರಿಕೊಂಡೋ ಪುಡಿಹಾಲೇ ಬೇಕಾದ ಮನೆಗಳಿಗೆ ವೈದ್ಯರು ಅಳತೆ ತೋರಿಸಿಕೊಡಬೇಕು. ದುಬಾರಿ ಡಬ್ಬಿ ಹೆಚ್ಚು ದಿನ ಬರಲೆಂದು ನೀರು ಜಾಸ್ತಿ ಬೆರೆಸುವುದೇ ಅಲ್ಲಿನ ದೊಡ್ಡ ಅಪಾಯ.

ಕೊನೆಗೆ ಮಂಕಿಯದೇ ಒಂದು ಮಾತು. ಉದ್ಯೋಗ ಖಾತರಿಗೆ ಹೋಗುವ ತಾಯಂದಿರ ಮಕ್ಕಳಿಗೆಂದು ರಾಜ್ಯ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ 2023ರ ಬಜೆಟ್ಟಿನಲ್ಲಿ ಘೋಷಿಸಿತು. ಮಂಕಿ ಈಗ ಪಟ್ಟಣ ಪಂಚಾಯಿತಿ. ಕಡಲು ಅದೇ, ಬುಟ್ಟಿ ಅದೇ, ಆದರೆ ಉದ್ಯೋಗ ಖಾತರಿ ಗ್ರಾಮಗಳಿಗೆ ಮಾತ್ರ, ಅದರ ನೆರಳಲ್ಲಿರುವ ಕೂಸಿನ ಮನೆಯೂ ಹಾಗೆಯೇ. ಪಟ್ಟಣ ಪಂಚಾಯಿತಿಯ ಸದಸ್ಯರು ತಮ್ಮ ಬಜೆಟ್ಟಿನಲ್ಲೇ ಇದಕ್ಕೆ ಜಾಗ ಮಾಡಬೇಕು: ಮೀನು ಮಾರುವ ಜಾಗದ ಹತ್ತಿರ ಒಂದು ಕೋಣೆ, ನಲ್ಲಿ ನೀರು, ಒಂದು ಫ್ರಿಜ್ಜು, ಒಂದು ತೊಟ್ಟಿಲು, ಸಂಬಳ ಪಡೆಯುವ ಒಬ್ಬ ಆಯಾ. ಆರು ತಿಂಗಳು ತುಂಬಿಲ್ಲವೆಂದು ಯಾವ ಕೂಸನ್ನೂ ಅಲ್ಲಿಂದ ವಾಪಸು ಕಳಿಸಬಾರದು, ಏಕೆಂದರೆ ತಾಯಿ ಹತ್ತಿರದಲ್ಲಿರಬೇಕಾದದ್ದು ಆ ಕೂಸಿಗೇ. ಭಟ್ಕಳ, ಕುಮಟಾದ ಶಾಸಕರು ಮುಂದಿನ ಅಧಿವೇಶನದಲ್ಲಿ ಮೀನುಗಾರ ಬಾಣಂತಿಯರ ಕೂಲಿಯ ಪ್ರಶ್ನೆ ಎತ್ತಲಿ, ಉತ್ತರವನ್ನು ಲಿಖಿತವಾಗಿ ಪಡೆಯಲಿ.