ಸೂತ್ರ ಸಾಕು ಎನ್ನುವವರಿಗೆ

ಸಮೀಕರಣ ಕೊಟ್ಟರೆ ಬಿಡಿಸಲು ಬಂದರೆ ಸಾಕು, ಅದನ್ನು ಕಂಡುಹಿಡಿಯುವ ಕಸರತ್ತು ಹೈಸ್ಕೂಲ್ ಮಕ್ಕಳಿಗೆ ಹೊರೆ ಎಂಬ ವಾದ ಮತ್ತೆ ಮತ್ತೆ ಕೇಳಿಬರುತ್ತದೆ. ಎರಡು ಬಿಂದುಗಳಿಂದ ಸರಳರೇಖೆಯ ಸಮೀಕರಣ, ನಾಲ್ಕು ಪದಗಳಿಂದ ಶ್ರೇಢಿಯ ಎನ್‌ನೇ ಪದ, ಕೋಷ್ಟಕದಿಂದ ಅನುಪಾತದ ಸಂಬಂಧ: ಇವೆಲ್ಲ ಬೇಡವಂತೆ. ಅವರ ಕಾರಣಗಳನ್ನು ಒಂದೊಂದಾಗಿ ನೋಡೋಣ, ತೀರ್ಪು ಓದುಗರದು.

ಮೊದಲ ವಾದ: ಲೋಕದ ಲೆಕ್ಕಕ್ಕೆ ತ್ರೈರಾಶಿಕ ಸಾಕು, ಹಿರಿಯರು ಅದರಲ್ಲೇ ವ್ಯವಹಾರ ನಡೆಸಿದರು. ಸರಿ, 20 ಡಿಗ್ರಿ ಸೆಲ್ಸಿಯಸ್ ಎಂದರೆ 68 ಡಿಗ್ರಿ ಫ್ಯಾರನ್‌ಹೀಟ್. 40 ಡಿಗ್ರಿಗೆ ಎಷ್ಟು? ತ್ರೈರಾಶಿಕ 136 ಎನ್ನುತ್ತದೆ. ನಿಜವಾದ ಉತ್ತರ 104. ಸೆಲ್ಸಿಯಸ್ಸನ್ನು 1.8ರಿಂದ ಗುಣಿಸಿ 32 ಕೂಡಬೇಕು. ಆ 32 ಇರುವುದರಿಂದ ರೇಖೆ ಮೂಲಬಿಂದುವಿನ ಮೂಲಕ ಹಾಯುವುದಿಲ್ಲ. ಹಾಯದಿದ್ದಲ್ಲಿ ತ್ರೈರಾಶಿಕ ನಡೆಯುವುದಿಲ್ಲ. ಎಲ್ಲಿ ನಡೆಯುತ್ತದೆ, ಎಲ್ಲಿ ಇಲ್ಲ ಎಂದು ತಿಳಿಯಲು ಸಮೀಕರಣವೇ ಬೇಕು. ಇನ್ನು ಹಿರಿಯರ ಮಾತು. ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ‘ಸಿದ್ಧಾಂತ ಶಿರೋಮಣಿ’ಯಲ್ಲಿ ತ್ರೈರಾಶಿಕ ಹೇಳುವ ‘ಲೀಲಾವತಿ’ಯ ಜೊತೆಗೇ ‘ಬೀಜಗಣಿತ’ವೂ ಇದೆ. ಅಲ್ಲಿ ಗೊತ್ತಿಲ್ಲದ ರಾಶಿಯನ್ನು ಯಾವತ್ತಾವತ್ ಎಂದು ಕರೆದು ಸಮೀಕರಣ ಕಟ್ಟುತ್ತಾರೆ. ತ್ರೈರಾಶಿಕವೇ ಸಾಕಾಗಿದ್ದರೆ ಅವರಿಗೆ ಆ ಶ್ರಮವೇಕೆ?

ಎರಡನೆಯದು: ಶ್ರೇಢಿಯ ವಿನ್ಯಾಸವನ್ನು ಕಣ್ಣಿಂದಲೇ ಗುರುತಿಸುವುದು ಜಾಣತನ, ಸಮೀಕರಣ ಬರೆಯುವುದು ಯಾಂತ್ರಿಕ. ಹಾಗಾದರೆ ಒಂದು ವೃತ್ತದ ಪರಿಧಿಯ ಮೇಲೆ ಬಿಂದುಗಳನ್ನಿಟ್ಟು, ಪ್ರತಿ ಜೋಡಿಯನ್ನೂ ಜ್ಯಾದಿಂದ ಸೇರಿಸಿ. ಒಳಗೆ ಮೂರು ಜ್ಯಾಗಳು ಒಂದೇ ಕಡೆ ಕೂಡದಂತೆ ನೋಡಿಕೊಂಡು ವೃತ್ತ ಎಷ್ಟು ಭಾಗವಾಯಿತೆಂದು ಎಣಿಸಿ. ಒಂದು ಬಿಂದುವಿಗೆ 1, ಆಮೇಲೆ 2, 4, 8, 16. ಆರನೆಯದಕ್ಕೆ? ಕಣ್ಣಿನ ಜಾಣತನ 32 ಎನ್ನುತ್ತದೆ, ಎಣಿಸಿದರೆ 31. ಐದು ಪದ ಸರಿಹೊಂದಿದ ಊಹೆ ಆರನೆಯದರಲ್ಲಿ ಬಿತ್ತು. ಭಾಗಗಳು ಯಾಕೆ ಹೆಚ್ಚುತ್ತವೆ ಎಂದು ಹುಡುಕಿ ಸಮೀಕರಣ ಕಟ್ಟಿದವರು ಮಾತ್ರ ಇಲ್ಲಿ ಎಡವುವುದಿಲ್ಲ.

ಮೂರನೆಯದು: ಸೂತ್ರ ಬಾಯಿಪಾಠವಿದ್ದರೆ ಅಂಕ ಬರುತ್ತದೆ, ಹೊರೆ ಇಳಿಯುತ್ತದೆ. ಯಾಂತ್ರಿಕತೆಯನ್ನು ಈಗಷ್ಟೇ ಹಳಿದವರೇ ಬಾಯಿಪಾಠದ ಪರ ನಿಂತಿದ್ದಾರೆ, ಗಮನಿಸಿ. ಹೊರೆ ಯಾರ ದಾರಿಯಲ್ಲಿ ಹೆಚ್ಚು? 7, 11, 15, 19 ಎಂಬ ಸಮಾಂತರ ಶ್ರೇಢಿ ತೆಗೆದುಕೊಳ್ಳಿ. ಪ್ರತಿ ಹೆಜ್ಜೆಗೂ 4 ಏರುತ್ತದೆ. ಒಂದು ಹೆಜ್ಜೆ ಹಿಂದೆ ಸರಿದರೆ 3. ಎನ್‌ನೇ ಪದ 4ಎನ್ + 3. (1, 7), (2, 11) ಬಿಂದುಗಳ ಮೂಲಕ ಹೋಗುವ ರೇಖೆ ವೈ = 4ಎಕ್ಸ್ + 3. ಆ 3ನ್ನು ತೆಗೆದರೆ ನೇರ ಅನುಪಾತ. ಕಂಡುಹಿಡಿಯಲು ಕಲಿತ ಮಗುವಿಗೆ ಮೂರು ಅಧ್ಯಾಯವೂ ಒಂದೇ ವಿಚಾರ. ಬಾಯಿಪಾಠದ ಮಗುವಿಗೆ ಮೂರು ಸೂತ್ರ, ಮೂರು ಗೊಂದಲ. ಹೊರೆ ಹೊರಿಸಿದವರೇ ಹೊರೆಯ ಬಗ್ಗೆ ದೂರುತ್ತಿದ್ದಾರೆ.

ನಾಲ್ಕನೆಯದು: ಕಂಪ್ಯೂಟರ್ ಇದೆಯಲ್ಲ. ಇದೆ. ಅದೇ 1, 2, 4, 8, 16ನ್ನು ಸ್ಪ್ರೆಡ್‌ಶೀಟಿಗೆ ಕೊಟ್ಟು ಅತಿ ಹೊಂದುವ ಸರಳರೇಖೆ ಕೇಳಿ. ಮರುಮಾತಿಲ್ಲದೆ ವೈ = 3.6ಎಕ್ಸ್ − 4.6 ಎಂದು ಕೊಡುತ್ತದೆ. ಎಕ್ಸ್ ಜಾಗದಲ್ಲಿ 1 ಹಾಕಿದರೆ ಬರುವುದು −1: ವೃತ್ತದಲ್ಲಿ ಋಣ ಒಂದು ಭಾಗ! ರೇಖೆ ಕೇಳಿದಿರಿ, ಯಂತ್ರ ರೇಖೆ ಕೊಟ್ಟಿತು. ಅಲ್ಲಿ ರೇಖೆ ಸಲ್ಲುತ್ತದೆಯೇ ಎಂಬ ಪ್ರಶ್ನೆ ಕೇಳಬೇಕಾದವರು ನಾವು. ಆ ಪ್ರಶ್ನೆ ಕೇಳಲು ಕಲಿಸುವ ಪಾಠವನ್ನೇ ಇವರು ಕಿತ್ತುಹಾಕಬೇಕೆನ್ನುತ್ತಾರೆ.

ಕೊನೆಯದು: ಇದೆಲ್ಲ ಜೀವನದಲ್ಲಿ ಎಲ್ಲಿ ಬೇಕು? ಲೋಕದ ಲೆಕ್ಕವನ್ನೇ ನೆಪ ಮಾಡಿಕೊಂಡು ವಾದ ಶುರುಮಾಡಿದವರು ಈಗ ಲೋಕದಲ್ಲಿ ಲೆಕ್ಕವೇ ಇಲ್ಲ ಎನ್ನುತ್ತಿದ್ದಾರೆ. ಬೆಂಗಳೂರಿನಲ್ಲಿ ಆಗಸ್ಟ್ 2025ರಿಂದ ಜಾರಿಗೆ ಬಂದ ಆಟೊ ದರ ನೋಡಿ: ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 18. ಒಂದು ಕಿಲೋಮೀಟರಿಗೆ 36 ಕೊಟ್ಟವರು ಐದಕ್ಕೆ 180 ಎಂದು ತ್ರೈರಾಶಿಕ ಹಾಕಿದರೆ ಸರಿಯಾದ 90ರ ಎರಡು ಪಟ್ಟು ತೆರುತ್ತಾರೆ. 36 + 18(ಎಕ್ಸ್ − 2) ಎಂದು ಬರೆದು ಸುಲಭಗೊಳಿಸಿದರೆ 18ಎಕ್ಸ್ ಉಳಿಯುತ್ತದೆ: ಎರಡು ಕಿಲೋಮೀಟರಿನವರೆಗೆ ದರ ಕದಲದು, ಅಲ್ಲಿಂದಾಚೆ ಅಪ್ಪಟ ನೇರ ಅನುಪಾತ. ದರಪಟ್ಟಿ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಸಮೀಕರಣ ಹೇಳುತ್ತದೆ.

ಐದು ವಾದಗಳಲ್ಲಿ ಒಂದೂ ಪರೀಕ್ಷೆಗೆ ನಿಲ್ಲಲಿಲ್ಲ. ಅಧ್ಯಾಯಗಳು ಉಳಿಯಲಿ, ಪ್ರಶ್ನೆಪತ್ರಿಕೆ ಬದಲಾಗಲಿ. ಸೂತ್ರ ಕೊಟ್ಟು ಸಂಖ್ಯೆ ತುಂಬಿಸುವ ಪ್ರಶ್ನೆ ಕಡಿಮೆ ಮಾಡಿ, ಸನ್ನಿವೇಶ ಕೊಟ್ಟು ಸಮೀಕರಣ ಕೇಳಿ. ತಾನೇ ಕಟ್ಟಿದ ಸಮೀಕರಣವನ್ನು ತಾನೇ ಪರೀಕ್ಷಿಸಬಲ್ಲ ವಿದ್ಯಾರ್ಥಿ ಉತ್ತರ ಸರಿಯೇ ಎಂದು ಇನ್ನೊಬ್ಬರ ಮುಖ ನೋಡಬೇಕಿಲ್ಲ.