ಲೇಖಕರನ್ನು ವಂಚಿಸುವ ಸೋಗಿನ ಪತ್ರಗಳು

ಬರೆಹಗಾರನ ಮನಸ್ಸು ಸದಾ ಒಂದು ಪತ್ರದ ನಿರೀಕ್ಷೆಯಲ್ಲಿರುತ್ತದೆ. ತನ್ನ ಕೃತಿಯನ್ನು ಓದಿ ಮೆಚ್ಚಿದ ಸಂಪಾದಕರೋ ಪ್ರಕಾಶಕರೋ ಎಂದಾದರೊಂದು ದಿನ ತನಗೆ ಬರೆದಾರೆಂಬ ಆಸೆ ಹೊಸಬರಲ್ಲಿ ಮಾತ್ರವಲ್ಲ, ಹೆಸರಾದವರಲ್ಲಿಯೂ ಉಂಟು. ಈ ಆಸೆ ತಪ್ಪಲ್ಲ. ಇದಿಲ್ಲದೆ ಸಾಹಿತ್ಯವು ಬೆಳೆಯಲಾರದು. ಆದರೆ ಇದನ್ನೇ ಬಂಡವಾಳವಾಗಿ ಮಾಡಿಕೊಂಡು, ಸಂಪಾದಕರ ಮತ್ತು ಪ್ರಕಾಶಕರ ಸೋಗು ಹಾಕಿ, ಬರೆಹಗಾರರ ಹಣವನ್ನೂ ಹಸ್ತಪ್ರತಿಯನ್ನೂ ಅಪಹರಿಸುವ ಕಸುಬೊಂದು ಅಂತರಜಾಲದಲ್ಲಿ ಬೆಳೆದುನಿಂತಿದೆ. ಇದು ಪೊಲೀಸರಿಗೆ ಸೇರಿದ ವಿಷಯ, ವಿಜ್ಞಾನದ ಪತ್ರಿಕೆಯಲ್ಲಿ ಇದಕ್ಕೇನು ಕೆಲಸವೆಂದು ವಾಚಕರು ಕೇಳಬಹುದು. ಈ ವಂಚನೆಯ ಬೇರು ಮನುಷ್ಯನ ದುರಾಸೆಯಲ್ಲಿರುವಷ್ಟೇ ನಾವು ದಿನವೂ ಬಳಸುವ ಸಾಧನಗಳ ರಚನೆಯಲ್ಲಿಯೂ ಇದೆ ಎಂಬುದೇ ಅದಕ್ಕೆ ಉತ್ತರ.

ಒಂದು ನಿದರ್ಶನವನ್ನು ನೋಡೋಣ. 2016ರಿಂದ ಮೊದಲ್ಗೊಂಡು ಹಲವು ವರ್ಷಗಳ ಕಾಲ, ಬೇರೆ ಬೇರೆ ದೇಶಗಳ ಲೇಖಕರಿಗೆ ಅವರ ಪರಿಚಿತ ಸಂಪಾದಕರಿಂದಲೇ ಬಂದಂತೆ ತೋರುವ ಇಮೇಲ್ ಪತ್ರಗಳು ಬರುತ್ತಿದ್ದುವು. ಇನ್ನೂ ಅಚ್ಚಾಗದ ಕೃತಿಯ ಹಸ್ತಪ್ರತಿಯನ್ನು ಕಳುಹಿಸಿಕೊಡಬೇಕೆಂಬುದಷ್ಟೇ ಅವುಗಳ ಕೋರಿಕೆ. ಕೆನಡದ ಮಾರ್ಗರೆಟ್ ಆಟ್‌ವುಡ್‌ರಂಥ ವಿಶ್ವವಿಖ್ಯಾತರ ಕೃತಿಗಳಿಗೂ ಈ ಬಲೆಯನ್ನು ಬೀಸಲಾಗಿತ್ತು. ಕೊನೆಗೆ 2022ರ ಜನವರಿಯಲ್ಲಿ ನ್ಯೂಯಾರ್ಕಿನ ವಿಮಾನನಿಲ್ದಾಣದಲ್ಲಿ ಫಿಲಿಪ್ಪೊ ಬೆರ್ನಾರ್ದಿನಿ ಎಂಬ ಇಟಲಿಯ ಯುವಕನನ್ನು ಬಂಧಿಸಲಾಯಿತು. ಆತ ಲಂಡನ್ನಿನ ಪ್ರಕಾಶನ ಸಂಸ್ಥೆಯೊಂದರ ಉದ್ಯೋಗಿ. ಆದುದರಿಂದ ಆ ವಲಯದ ಪತ್ರವ್ಯವಹಾರದ ಧಾಟಿಯನ್ನೆಲ್ಲ ಚೆನ್ನಾಗಿ ಬಲ್ಲವನಾಗಿದ್ದನು. 160ಕ್ಕೂ ಹೆಚ್ಚು ಸುಳ್ಳು ಜಾಲವಿಳಾಸಗಳನ್ನು ನೋಂದಾಯಿಸಿ, ಸಾವಿರಕ್ಕೂ ಮಿಕ್ಕ ಹಸ್ತಪ್ರತಿಗಳನ್ನು ಸಂಪಾದಿಸಿದ್ದನು. 2023ರಲ್ಲಿ ತಪ್ಪೊಪ್ಪಿಕೊಂಡ ಆತನಿಗೆ ನ್ಯಾಯಾಲಯವು 88,000 ಡಾಲರುಗಳ ಪರಿಹಾರವನ್ನು ವಿಧಿಸಿತು.

ಪಳಗಿದ ಲೇಖಕರೂ ಮೋಸಹೋದದ್ದು ಹೇಗೆ? ಆತನ ಉಪಾಯ ಬಹಳ ಸರಳವಾದುದು. ಇಂಗ್ಲಿಷಿನ ಸಣ್ಣ ಆರ್ ಮತ್ತು ಎನ್ ಅಕ್ಷರಗಳನ್ನು ಒತ್ತಾಗಿ ಬರೆದರೆ ಅವೆರಡೂ ಕೂಡಿ ಎಮ್ ಅಕ್ಷರದಂತೆಯೇ ಕಾಣುತ್ತವೆ. ವಿಳಾಸದಲ್ಲಿ ಎಮ್ ಇರಬೇಕಾದೆಡೆ ಈ ಜೋಡಿಯನ್ನಿಟ್ಟರೆ ಕಣ್ಣು ಅದನ್ನು ಹಿಡಿಯಲಾರದು. ಯಂತ್ರಕ್ಕಾದರೋ ಅದು ಸಂಪೂರ್ಣವಾಗಿ ಬೇರೆಯೇ ಒಂದು ವಿಳಾಸ. ನಮ್ಮ ಲಿಪಿಯಲ್ಲಿಯೂ ಇಂಥ ಅವಳಿಗಳುಂಟು. ಕನ್ನಡದ ಅನುಸ್ವಾರವೂ ಕನ್ನಡದ ಸೊನ್ನೆಯೂ ಕಣ್ಣಿಗೆ ಒಂದೇ ದುಂಡು. ಆದರೆ ಗಣಕಯಂತ್ರಗಳು ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಪದ್ಧತಿಯಲ್ಲಿ ಅನುಸ್ವಾರದ ಸಂಖ್ಯೆ 3202, ಸೊನ್ನೆಯದು 3302. ಮನುಷ್ಯನು ಆಕಾರವನ್ನು ಓದುತ್ತಾನೆ, ಯಂತ್ರವು ಸಂಖ್ಯೆಯನ್ನು ಓದುತ್ತದೆ. ಇವೆರಡರ ನಡುವಣ ಬಿರುಕಿನಲ್ಲಿಯೇ ವಂಚಕನ ವಾಸ.

ಇನ್ನೊಂದು ಬಿರುಕು ಅಂಚೆಯ ವ್ಯವಸ್ಥೆಯಲ್ಲಿಯೇ ಉಂಟು. ಇಮೇಲ್ ಪತ್ರಗಳನ್ನು ಸಾಗಿಸುವ ನಿಯಮಗಳನ್ನು ಜಾನ್ ಪೋಸ್ಟೆಲ್ ಎಂಬ ವಿಜ್ಞಾನಿ 1982ರಲ್ಲಿ ಬರೆದಾಗ, ಜಾಲವನ್ನು ಬಳಸುತ್ತಿದ್ದವರು ಬಹುಮಟ್ಟಿಗೆ ವಿಶ್ವವಿದ್ಯಾನಿಲಯಗಳ ಮತ್ತು ಸಂಶೋಧನಾಲಯಗಳ ಜನ. ಕಳುಹಿಸುವವನು ತನ್ನ ಹೆಸರನ್ನು ಏನೆಂದು ಬರೆದರೂ ಆ ನಿಯಮಗಳು ಪ್ರಶ್ನಿಸುತ್ತಿರಲಿಲ್ಲ. ಲಕೋಟೆಯ ಹಿಂದೆ ಯಾರು ಯಾರ ಹೆಸರನ್ನಾದರೂ ಬರೆಯಬಹುದಲ್ಲವೆ? ಇದೂ ಹಾಗೆಯೇ. ಅನಂತರದ ವರ್ಷಗಳಲ್ಲಿ ಗಣಿತದ ಬಲದಿಂದ ರಚಿಸಿದ ಡಿಜಿಟಲ್ ಸಹಿಯೇ ಮೊದಲಾದ ಪರೀಕ್ಷೆಗಳು ಬಂದಿವೆ. ಆದರೆ ಅವು ಹೇಳುವುದು, ಪತ್ರವು ಇಂಥ ವಿಳಾಸದಿಂದಲೇ ಬಂದಿತೆಂಬುದನ್ನು ಮಾತ್ರ. ಆ ವಿಳಾಸದ ಒಡೆಯನು ಸಜ್ಜನನೋ ಅಲ್ಲವೋ ಎಂಬುದನ್ನು ಅವು ಹೇಳಲಾರವು. ಅವಳಿ ಅಕ್ಷರದ ಸುಳ್ಳು ವಿಳಾಸವನ್ನು ಕ್ರಮವಾಗಿ ನೋಂದಾಯಿಸಿಕೊಂಡವನ ಪತ್ರವು ಈ ಪರೀಕ್ಷೆಯಲ್ಲಿ ನಿರಾತಂಕವಾಗಿ ತೇರ್ಗಡೆಯಾಗುತ್ತದೆ!

ಹೀಗಿರಲು, ಎಚ್ಚರಿಕೆಯಿಂದ ಓದಿರಿ ಎಂದು ಲೇಖಕರಿಗೆ ಬುದ್ಧಿ ಹೇಳುವುದರಿಂದ ಏನಾದೀತು? ಪ್ರಯೋಗಶಾಲೆಗೆ ಬಂದ ವಿದ್ಯಾರ್ಥಿಗೆ ನಾವು ಮೊದಲು ಕಲಿಸುವ ಪಾಠವೊಂದುಂಟು. ಅಳತೆಗೋಲಿನ ತುದಿಯೇ ಸವೆದಿದ್ದರೆ ಹತ್ತು ಬಾರಿ ಅಳೆದರೂ ಹತ್ತು ಬಾರಿಯೂ ಅದೇ ತಪ್ಪು ಬರುತ್ತದೆ. ಮತ್ತೆ ಮತ್ತೆ ಅಳೆಯುವುದರಿಂದ ಅಂಥ ದೋಷವು ನಿವಾರಣೆಯಾಗದು. ಬೇರೊಂದು ಉಪಕರಣದಿಂದ, ಬೇರೊಂದು ವಿಧಾನದಿಂದ ಅಳೆದಾಗಲೇ ಅದು ಹೊರಬೀಳುವುದು. ಸೋಗಿನ ಪತ್ರವನ್ನು ಹತ್ತು ಬಾರಿ ಓದುವುದೂ ಸವೆದ ಗೋಲಿನಿಂದ ಹತ್ತು ಬಾರಿ ಅಳೆದಂತೆಯೇ. ಅದರಲ್ಲಿ ಕೊಟ್ಟಿರುವ ದೂರವಾಣಿಗೆ ಕರೆಮಾಡಿ ವಿಚಾರಿಸುವುದಂತೂ ಕಳ್ಳನನ್ನೇ ಸಾಕ್ಷಿಗೆ ಕರೆದಂತಾಯಿತು. ಪ್ರಕಾಶನ ಸಂಸ್ಥೆಯ ವಿಳಾಸವನ್ನು ನಾವೇ ಬೇರೆಡೆಯಿಂದ, ಅವರ ಅಚ್ಚಾದ ಪುಸ್ತಕದ ಒಳಪುಟದಿಂದಲೋ ಬಲ್ಲ ಮಿತ್ರರಿಂದಲೋ, ಪಡೆದು ವಿಚಾರಿಸಬೇಕು.

ಈ ವಿವೇಕ ನಮಗೆ ಹೊಸದೇನೂ ಅಲ್ಲ. ಸನ್ಯಾಸಿಯ ವೇಷದಿಂದ ಬಂದವನನ್ನು ನಂಬಿ ಕೆಟ್ಟ ಸೀತಾದೇವಿ, ಅಶೋಕವನದಲ್ಲಿ ಹನುಮಂತನು ತಾನು ರಾಮದೂತನೆಂದು ಹೇಳಿಕೊಂಡ ಮಾತ್ರಕ್ಕೆ ನಂಬಲಿಲ್ಲ. ಇವನೂ ಮಾರುವೇಷದ ರಾವಣನಿರಬಹುದೆಂದು ಶಂಕಿಸಿದಳು. ರಾಮನ ಲಕ್ಷಣಗಳನ್ನು ವರ್ಣಿಸೆಂದು ಕೇಳಿದಳು. ಉತ್ತರವು ಸರಿಯಾಗಿ ಬಂದ ಮೇಲೆ ಮುದ್ರೆಯುಂಗುರವೂ ಕಂಡಿತು. ಹೆಸರು ಬೇರೆ, ಪ್ರಮಾಣ ಬೇರೆ ಎಂಬ ತತ್ತ್ವವೇ ಅಲ್ಲಿಯೂ ಇರುವುದು.

ಹಸ್ತಪ್ರತಿಯ ಕಳವಿಗಿಂತಲೂ ಕ್ರೂರವಾದುದು ಹಣದ ಸುಲಿಗೆ. ಚಲನಚಿತ್ರ ಸಂಸ್ಥೆಗಳು ನಿಮ್ಮ ಕೃತಿಯನ್ನು ಕೊಳ್ಳಲು ಕಾದಿವೆಯೆಂದು ನಂಬಿಸಿ, ಶುಲ್ಕ, ತೆರಿಗೆ ಎಂಬ ನೆವಗಳಿಂದ 800ಕ್ಕೂ ಹೆಚ್ಚು ಲೇಖಕರಿಂದ 4 ಕೋಟಿ 40 ಲಕ್ಷ ಡಾಲರುಗಳಿಗೂ ಮೀರಿ ಕಿತ್ತುಕೊಂಡರೆಂದು 2025ರ ಜನವರಿಯಲ್ಲಿ ಅಮೆರಿಕದ ಸರ್ಕಾರವು ಮೂವರ ಮೇಲೆ ಆರೋಪ ಹೊರಿಸಿತು. ವಂಚಿತರಲ್ಲಿ ವೃದ್ಧರು ಅನೇಕರೆಂಬುದು ಇನ್ನೂ ದುಃಖಕರ. ನಮ್ಮಲ್ಲಿಯೂ ಸಾವಿರಾರು ಜನ ಇಂದು ಕನ್ನಡದಲ್ಲಿ ಕತೆ ಕವಿತೆಗಳನ್ನು ಬರೆದು ನೇರವಾಗಿ ಜಾಲತಾಣಗಳಲ್ಲಿಯೇ ಪ್ರಕಟಿಸುತ್ತಿದ್ದಾರೆ. ತಾಣದ ಸಿಬ್ಬಂದಿಯೆಂದು ಹೇಳಿಕೊಂಡು ಗುಪ್ತಪದವನ್ನೋ ದೂರವಾಣಿಗೆ ಬಂದ ಒಟಿಪಿಯನ್ನೋ ಕೇಳುವವನು ಇವರನ್ನು ತಲಪಲು ಭಾಷೆ ಅಡ್ಡಿಯಾಗಲಾರದು; ಒಳ್ಳೆಯ ಕನ್ನಡದಲ್ಲಿ ಪತ್ರ ಬರೆದುಕೊಡುವ ಯಂತ್ರಗಳು ಈಗ ಎಲ್ಲರ ಕೈಗೂ ಬಂದಿವೆ. ಭಾಷೆಯ ತಪ್ಪುಗಳಿಂದ ಕಳ್ಳನನ್ನು ಗುರುತಿಸುವ ಕಾಲ ಮುಗಿಯಿತೆಂದೇ ತಿಳಿಯಬೇಕು.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ಈ ಹೊರೆಯನ್ನೆಲ್ಲ ಲೇಖಕನೊಬ್ಬನ ಹೆಗಲಿಗೆ ಹೊರಿಸುವುದು ನ್ಯಾಯವಲ್ಲ. ಪ್ರಕಾಶಕರೂ ಜಾಲತಾಣಗಳ ಒಡೆಯರೂ ತಾವು ಯಾವ ವಿಳಾಸದಿಂದ ಬರೆಯುತ್ತೇವೆ, ಏನನ್ನು ಎಂದಿಗೂ ಕೇಳುವುದಿಲ್ಲ ಎಂಬುದನ್ನು ಎದ್ದುಕಾಣುವಂತೆ ಸಾರತಕ್ಕದ್ದು. ಶಂಕೆಯಿಂದ ವಿಚಾರಿಸಿದ ಲೇಖಕನಿಗೆ ಉತ್ತರಿಸಲು ಒಬ್ಬ ಮನುಷ್ಯನನ್ನು ನೇಮಿಸತಕ್ಕದ್ದು. ತಮ್ಮ ಹೆಸರನ್ನು ಹೋಲುವ ವಿಳಾಸಗಳ ಮೇಲೆ ಕಣ್ಣಿಡತಕ್ಕದ್ದು. ಇದಕ್ಕೆ ವೆಚ್ಚವಾಗುವುದೆಂದು ಅವರು ಹೇಳಬಹುದು. ಲೇಖಕರು ನಂಬುವುದು ಅವರ ಹೆಸರನ್ನು. ಆ ಹೆಸರಿನಿಂದ ಲಾಭ ಪಡೆಯುವವರು ಅದರ ಕಾವಲಿನ ಖರ್ಚನ್ನೂ ಹೊರಬೇಕಾದದ್ದು ಧರ್ಮ.

ಕಾನೂನಿನ ಆಸರೆಯೂ ಇಲ್ಲದಿಲ್ಲ. ಗಣಕಯಂತ್ರದ ಮೂಲಕ ಸೋಗು ಹಾಕಿ ವಂಚಿಸುವವನಿಗೆ, ನಮ್ಮ 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 66ಡಿ ವಿಧಿಯ ಪ್ರಕಾರ, ಮೂರು ವರ್ಷಗಳವರೆಗೆ ಸೆರೆವಾಸವನ್ನೂ ಒಂದು ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸಬಹುದು. ಹಣ ಕಳೆದುಕೊಂಡವರು ಒಡನೆಯೆ 1930 ಸಂಖ್ಯೆಗೆ ಕರೆಮಾಡಿ ದೂರು ಕೊಡಬಹುದು. ತಡಮಾಡಿದಷ್ಟೂ ಹಣವು ಕೈಯಿಂದ ಕೈಗೆ ದಾಟಿಹೋಗುತ್ತದೆ. ಆದರೆ ಎಷ್ಟೋ ಮಂದಿ ನಾಚಿಕೆಯಿಂದ ಬಾಯಿ ಬಿಡುವುದೇ ಇಲ್ಲ. ಮೋಸಹೋದವನನ್ನು ದಡ್ಡನೆಂದು ನಗುವ ನಮ್ಮ ಅಭ್ಯಾಸವೇ ವಂಚಕನಿಗೆ ಎಲ್ಲಕ್ಕಿಂತ ದೊಡ್ಡ ರಕ್ಷೆ. ಕಣ್ಣು ಆಕಾರವನ್ನು ನಂಬುವುದು ಅದರ ಸ್ವಭಾವ. ಮನಸ್ಸು ಮೆಚ್ಚುಗೆಯನ್ನು ಬಯಸುವುದು ಅದರ ಸ್ವಭಾವ. ಇವುಗಳಿಗಾಗಿ ಯಾರೂ ತಲೆತಗ್ಗಿಸಬೇಕಾದದ್ದಿಲ್ಲ. ಮೋಸಹೋದ ಲೇಖಕನೊಬ್ಬನು ಅದನ್ನು ಬಹಿರಂಗವಾಗಿ ಹೇಳಿದರೆ, ಮುಂದಿನ ಹತ್ತು ಮಂದಿ ಉಳಿದಾರು.